‘ಕುಬೋ ಆ್ಯಂಡ್ ದ ಟೂ ಸ್ಟ್ರಿಂಗ್ಸ್’: ತಾತನಿಗೆ ಊರವರು ಹೇಳಿದ್ದು ಸುಳ್ಳಲ್ಲವೇ? (ಜೊತೆಗೆ: ಕಾಗದ ತಾನೇ ಮಡಿಚಿಕೊಳ್ಳುವ ದೃಶ್ಯ ಮಾಡುವ ಬಗೆ)

ಮೂರನೇ ತಂತಿ

ಮೊದಲೇ ಎಚ್ಚರಿಕೆ: ಇಲ್ಲಿ ಕಥೆಯ ಗುಟ್ಟೆಲ್ಲ ರಟ್ಟಾಗುತ್ತದೆ. ಚಿತ್ರ ನೋಡಿಲ್ಲದವರು ನೋಡಿಕೊಂಡು ಬಂದು ಓದಿ.

ಲೈಕಾ ಸ್ಟುಡಿಯೋದ ನಾಲ್ಕನೆಯ ಚಿತ್ರ ಇದು, 2016ರ ಆಗಸ್ಟ್‌ನಲ್ಲಿ ಬಂದದ್ದು. ಗೊಂಬೆಯನ್ನು ಚೂರು ಚೂರೇ ಸರಿಸಿ, ಒಂದೊಂದು ಫೋಟೋ (ಚೌಕಟ್ಟು) ತೆಗೆದು, ಸಾಲಾಗಿ ಓಡಿಸುವ ಬಗೆಯದು. ಅದುವರೆಗೆ ಗೊಂಬೆ ಆಡಿಸುತ್ತಿದ್ದ ಟ್ರಾವಿಸ್ ನೈಟ್ ಮೊದಲ ಬಾರಿ ನಿರ್ದೇಶಕರಾದರು. ಒಕ್ಕಣ್ಣಿನ ಹುಡುಗ ಕುಬೋ, ಅವನ ಶಾಮಿಸೆನ್ ಎಂಬ ಮೂರು ತಂತಿಯ ಜಪಾನಿ ವಾದ್ಯ, ಅದನ್ನು ಮೀಟಿದರೆ ತಾನಾಗಿ ಮಡಿಚಿಕೊಂಡು ಎದ್ದು ನಿಲ್ಲುವ ಕಾಗದ. ಕೋತಿ ಮತ್ತು ಜೀರುಂಡೆಯ ಜೊತೆ ಅಪ್ಪನ ಕತ್ತಿ, ಎದೆಕವಚ, ಶಿರಸ್ತ್ರಾಣ ಹುಡುಕಿಕೊಂಡು ಹೊರಡುವ ಕಥೆ. ಮಕ್ಕಳಿಗೆಂದು ಬಂದ ಸಾಹಸ ಚಿತ್ರಗಳಲ್ಲಿ ಇಷ್ಟು ಗಟ್ಟಿಯಾದದ್ದು ಕಡಿಮೆ. ಮೊದಲ ಇಪ್ಪತ್ತು ನಿಮಿಷದಲ್ಲಂತೂ ಒಂದು ಚೌಕಟ್ಟೂ ದಂಡವಾಗಿಲ್ಲ.

ನನಗೆ ಒಗ್ಗದಿರುವುದು ಕೊನೆ. ಚಂದ್ರರಾಜ ಮೊಮ್ಮಗನ ಒಂದು ಕಣ್ಣು ಕಿತ್ತವನು, ಇನ್ನೊಂದಕ್ಕೆ ಹೊಂಚು ಹಾಕಿದವನು, ಅದಕ್ಕಾಗಿ ಹೆಣ್ಣುಮಕ್ಕಳನ್ನೇ ಛೂ ಬಿಟ್ಟವನು. ಸೋತ ಮೇಲೆ ನೆನಪಳಿದ ಮುದುಕನಾಗುತ್ತಾನೆ. ಆಗ ಊರವರು ಒಬ್ಬೊಬ್ಬರಾಗಿ ಮುಂದೆ ಬಂದು, ನೀನು ತುಂಬ ಒಳ್ಳೆಯವನಾಗಿದ್ದೆ ಎಂದು ಅವನಿಗೆ ಹೊಸದೊಂದು ಬದುಕನ್ನೇ ಕಟ್ಟಿಕೊಡುತ್ತಾರೆ. ಇದು ಕ್ಷಮೆಯೋ, ಸುಳ್ಳೋ? ಮಾಡಿದ್ದಕ್ಕೆ ಲೆಕ್ಕವೇ ಇಲ್ಲವೇ? ಬಲ್ಲವರು ಹೇಳಿ.

ಮುಸ್ಸಂಜೆ

ಕೊನೆಯನ್ನು ಮಾತ್ರ ಬಿಡಿಸಿ ನೋಡಿದರೆ ನಿಮ್ಮ ಆಕ್ಷೇಪ ಸರಿ. ಆದರೆ ಅದರ ಬೀಜ ಮೊದಲ ದೃಶ್ಯಗಳಲ್ಲೇ ಬಿದ್ದಿದೆ.

ಸಂತೆಯಲ್ಲಿ ಕುಬೋ ಕಥೆ ಹೇಳುವುದನ್ನು ಗಮನಿಸಿ. ಕಾಗದದ ಹಾನ್ಜೋ (ಕುಬೋನ ಅಪ್ಪ) ಕಾಗದದ ರಾಕ್ಷಸರೊಡನೆ ಕಾದಾಡುತ್ತಾನೆ, ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಅಷ್ಟರಲ್ಲಿ ಸಂಜೆಯ ಗಂಟೆ ಬಾರಿಸುತ್ತದೆ. ಕತ್ತಲಾಗುವ ಮುಂಚೆ ಮನೆ ಸೇರಬೇಕಾದ್ದರಿಂದ ಹುಡುಗ ಅರ್ಧಕ್ಕೇ ಎದ್ದು ಓಡುತ್ತಾನೆ. ಇವನ ಕಥೆಗೆ ಕೊನೆಯೇ ಇಲ್ಲ ಎಂಬುದೇ ಊರವರ ದೂರು. ಅವನು ಮುಗಿಸದ ಕಥೆಯನ್ನು ಚಿತ್ರದ ಕಡೆಯಲ್ಲಿ ಮುಗಿಸಿಕೊಡುವವರು ಅದೇ ಕೇಳುಗರು. (ಆ ಗಂಟೆಯೇ ಹುಡುಕುತ್ತಿದ್ದ ಶಿರಸ್ತ್ರಾಣ ಎಂದು ಆಮೇಲೆ ತಿಳಿಯುತ್ತದೆ. ಕಥೆಯನ್ನು ದಿನಾ ತುಂಡರಿಸುತ್ತಿದ್ದ ವಸ್ತುವೇ ಕಥೆಯ ಗುರಿ!)

ಇನ್ನೊಂದು ಎಳೆ ಮರೆವು. ಚಿತ್ರದಲ್ಲಿ ನೆನಪು ಕಳೆದುಕೊಂಡವರು ಒಬ್ಬರಲ್ಲ, ಮೂವರು. ತಾಯಿ ಹಗಲೆಲ್ಲ ಗುಹೆಯ ಬಾಯಲ್ಲಿ ಕಲ್ಲಿನಂತೆ ಕುಳಿತಿರುತ್ತಾಳೆ, ಸಂಜೆ ಎಚ್ಚರವಾದರೂ ಕಥೆಯ ನಡುವೆ ದಾರಿ ತಪ್ಪುತ್ತಾಳೆ. ಎಲ್ಲಿಗೆ ನಿಂತಿತ್ತೆಂದು ಎತ್ತಿಕೊಡುವವನು ಮಗ. ಜೀರುಂಡೆಗೆ ತಾನು ಯಾರೆಂಬುದೇ ಗೊತ್ತಿಲ್ಲ. ಮೂರನೆಯವನು ತಾತ. ಮರೆತವರ ನೆನಪನ್ನು ಯಾರು ಹೊರಬೇಕು ಎಂಬುದೇ ಚಿತ್ರದ ಪ್ರಶ್ನೆ. ತಾಯಿಯದನ್ನು ಮಗ ಹೊತ್ತ, ಜೀರುಂಡೆಯದನ್ನು ಚಂದ್ರರಾಜನ ಮಗಳೊಬ್ಬಳು ನೆನಪಿಸಿ ಕೊಂದಳು, ತಾತನದನ್ನು ಊರು ಹೊತ್ತಿತು. ಸುಳ್ಳು ಹೌದು. ಆದರೆ ಆ ಸುಳ್ಳು ಹೇಳುವವರು ಅವನಿಂದ ಮನೆ ಕಳೆದುಕೊಂಡವರು. ಹೇಳುವ ಹಕ್ಕಿದ್ದವರೇ ಹೇಳಿದ್ದಾರೆ.

ಮೂರನೇ ತಂತಿ

ಸಂತೆಯ ಕಥೆಗೂ ಕೊನೆಗೂ ಇರುವ ಗಂಟು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೂ ಜೀರುಂಡೆಗೆ ನಿಜ ತಿಳಿದದ್ದರಿಂದಲೇ ಅವನು ಹಾನ್ಜೋ ಆದ, ಒಂದು ಗಳಿಗೆಯಾದರೂ ಕೋತಿಯ ರೂಪದಲ್ಲಿರುವ ಅಮ್ಮನಿಗೆ ಗಂಡ, ಕುಬೋಗೆ ಅಪ್ಪ ಆದ. ತಾತನಿಗೆ ಆ ಅವಕಾಶವೇ ಸಿಗಲಿಲ್ಲ. ನನ್ನ ಅಳಲು ಅದು.

ಬೆಳ್ಳಿತೆರೆ

ನನ್ನ ತಕರಾರು ಬೇರೆಯದು. ಜೀರುಂಡೆಯ ಹಾಸ್ಯ. ಎಲುಬುಗೂಡಿನ ಗುಹೆಯಿಂದ ಕೆರೆಯವರೆಗೂ ಪ್ರತಿ ಗಂಭೀರ ಗಳಿಗೆಯ ಬೆನ್ನಿಗೆ ಅವನದೊಂದು ಚಟಾಕಿ ಇರಲೇಬೇಕು. ದೋಣಿಯ ಮೇಲೆ ಮೀನು ಹಿಡಿಯುವ ಭಾಗ ಚೆನ್ನಾಗಿದೆ, ಏಕೆಂದರೆ ಅಲ್ಲಿ ನಗು ಮೂವರ ಸಂಸಾರ ಕೂಡಿಬರುವುದಕ್ಕೆ ನೆರವಾಗುತ್ತದೆ. ಉಳಿದ ಕಡೆ ಬರೆದವರಿಗೆ ಮೌನದ ಮೇಲೆ ನಂಬಿಕೆ ಸಾಲದು ಎನ್ನಿಸುತ್ತದೆ. ಮಾತಿಲ್ಲದೆ ಕತ್ತಿ ಚಾಚಿ ದಾರಿ ತೋರಿಸುವ ಆ ಪುಟ್ಟ ಕೆಂಪು ಕಾಗದದ ಹಾನ್ಜೋ ಇವನಿಗಿಂತ ಹೆಚ್ಚು ನಗಿಸುತ್ತಾನೆ.

ಧ್ವನಿಗಳ ವಿಷಯವೂ ಇದೆ. ಕಥೆ ನಡೆಯುವುದು ಪೂರ್ತಿ ಜಪಾನಿನಲ್ಲಿ. ಮುಖ್ಯ ಪಾತ್ರಗಳ ಧ್ವನಿ ಆರ್ಟ್ ಪಾರ್ಕಿನ್‌ಸನ್, ಚಾರ್ಲೀಸ್ ಥೆರಾನ್, ಮ್ಯಾಥ್ಯೂ ಮೆಕಾನಹೇ, ರೂನಿ ಮಾರಾ, ರಾಲ್ಫ್ ಫೈನ್ಸ್. ಜಪಾನಿ ಮೂಲದ ಜಾರ್ಜ್ ಟಕೇ, ಕ್ಯಾರಿ ಹಿರೋಯುಕಿ ಟಗಾವಾ ಅವರಿಗೆ ಸಿಕ್ಕಿದ್ದು ಊರಿನ ಸಣ್ಣ ಪಾತ್ರಗಳು. ಚಿತ್ರ ಬಂದಾಗಲೇ ಈ ಟೀಕೆ ಎದ್ದಿತ್ತು, ಅದು ನ್ಯಾಯವಾದ ಟೀಕೆ. ಥೆರಾನ್ ಕೋತಿಯ ದನಿಗೆ ಕೊಟ್ಟ ಗಡಸು ನನಗೆ ಬಹಳ ಇಷ್ಟ. ಹಾಗೆಂದು ಆ ಟೀಕೆ ಸುಳ್ಳಾಗುವುದಿಲ್ಲ.

ಚೌಕಟ್ಟು24

ಕಥೆಯ ಬಗ್ಗೆ ಮೇಲಿನವರು ಬರೆದಾಗಿದೆ. ನಾನು ಮುಖದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹುಡುಗನ ದುಃಖವನ್ನು ನಾವು ನಂಬುವುದು ಅದರಿಂದ.

ಕುಬೋ ಗೊಂಬೆಯ ಮುಖ ರಬ್ಬರಿನಂತೆ ಹಿಗ್ಗುವುದಲ್ಲ. ಒಂದೊಂದು ಭಾವಕ್ಕೂ ಬೇರೆ ಬೇರೆ ಗಟ್ಟಿ ಮುಖವಿದೆ. ಮೂರು ಆಯಾಮದ ಮುದ್ರಣಯಂತ್ರದಲ್ಲಿ ತೆಗೆದವು, ಆಯಸ್ಕಾಂತದಿಂದ ತಲೆಗೆ ಕಚ್ಚಿಕೊಳ್ಳುತ್ತವೆ. ಮುಖ ಕಣ್ಣಿನ ನೇರಕ್ಕೆ ಎರಡು ಹೋಳು: ಮೇಲೆ ಹಣೆ ಮತ್ತು ಹುಬ್ಬು, ಕೆಳಗೆ ಕೆನ್ನೆ ಮತ್ತು ಬಾಯಿ. ಹೀಗೆ ಸೀಳಿದ್ದರ ಲಾಭ ಗುಣಾಕಾರದಲ್ಲಿದೆ. ಕುಬೋಗೆ 11,007 ಬಾಯಿ, 4,429 ಹುಬ್ಬು. ಗುಣಿಸಿದರೆ 4 ಕೋಟಿ 87 ಲಕ್ಷ ದಾಟುತ್ತದೆ. ಸ್ಟುಡಿಯೋ ಹೇಳುವ 4 ಕೋಟಿ 80 ಲಕ್ಷಕ್ಕೂ ಹೆಚ್ಚು ಭಾವಗಳ ಲೆಕ್ಕ ಇದೇ. ಅಷ್ಟೂ ಮುಖ ಮಾಡಿದ್ದಾರೆಂದು ಕೆಲವರು ತಿಳಿದಿರುತ್ತಾರೆ, ಹಾಗಲ್ಲ. ಅಷ್ಟು ಜೋಡಿ ಮಾಡಬಹುದು ಎಂದಷ್ಟೇ.

ಸೀಳಿದ್ದರ ನಷ್ಟವೂ ಇದೆ. ಎರಡು ಹೋಳು ಸೇರುವ ಕಡೆ ಮೂಗಿನ ಮೇಲಿಂದ ಕಿವಿಯವರೆಗೆ ಗೆರೆ ಕಾಣುತ್ತದೆ. ಅದನ್ನು ಚಿತ್ರದ ಪ್ರತಿ ಚೌಕಟ್ಟಿನಲ್ಲೂ ಕಂಪ್ಯೂಟರಿನಲ್ಲಿ ಅಳಿಸಬೇಕು. ಸೆಕೆಂಡಿಗೆ 24 ಚೌಕಟ್ಟು, ಚಿತ್ರ ಒಂದೂಮುಕ್ಕಾಲು ಗಂಟೆಗೆ ಹತ್ತಿರ. ಎಷ್ಟು ಕೆಲಸ ಎಂದು ನೀವೇ ಊಹಿಸಿ. ಬಣ್ಣವೂ ಸುಲಭವಲ್ಲ. 2009ರ ‘ಕೋರಲೈನ್’ ಹೊತ್ತಿಗೆ ಮುಖಗಳು ಬಿಳಿಯಾಗಿ ಬರುತ್ತಿದ್ದವು, ಪ್ರತಿಯೊಂದಕ್ಕೂ ಕೈಯಲ್ಲಿ ಬಣ್ಣ ಹಚ್ಚಬೇಕಿತ್ತು. ಕೆನ್ನೆಯ ಕೆಂಪೋ ಮಚ್ಚೆಯೋ ಕೂದಲೆಳೆಯಷ್ಟು ಜರುಗಿದರೂ ಸಾಲಾಗಿ ಓಡಿಸಿದಾಗ ಮುಖ ಕುದಿಯುವಂತೆ ಕಾಣುತ್ತದೆ. 2012ರ ‘ಪ್ಯಾರಾನಾರ್ಮನ್’ನಿಂದ ಬಣ್ಣವೂ ಯಂತ್ರದಲ್ಲೇ ಬರತೊಡಗಿತು. ಕುಬೋ ಮುಖದಲ್ಲಿ ಅಷ್ಟು ಸಣ್ಣ ಸಣ್ಣ ಭಾವ ಸಾಧ್ಯವಾದದ್ದು ಆ ಬದಲಾವಣೆಯಿಂದ.

ತಾಯಿಗೆ ಅನ್ನ ತಿನ್ನಿಸುವ ದೃಶ್ಯ ಮತ್ತೆ ನೋಡಿ. ಹುಬ್ಬು ಅಲುಗುವುದಿಲ್ಲ, ಬಾಯಿ ಮಾತ್ರ ಒಂಚೂರು ಬಿಗಿಯುತ್ತದೆ. ಮುಖ ಎರಡು ಹೋಳಾಗಿರುವುದು ಅಲ್ಲಿ ನಟನೆಗೇ ಒದಗಿ ಬಂದಿದೆ.

ಗೊಂಬೆಕೈ

ಗುಹೆಯ ಆ ದೈತ್ಯ ಎಲುಬುಗೂಡಿನ ಬಗ್ಗೆ ಯಾರೂ ಎತ್ತಲಿಲ್ಲವಲ್ಲ. ಎತ್ತರ ಸುಮಾರು 16 ಅಡಿ, ತೂಕ 180 ಕಿಲೋ ಆಸುಪಾಸು. ಚೌಕಟ್ಟು ಚೌಕಟ್ಟಾಗಿ ಆಡಿಸಿದ ಗೊಂಬೆಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ ಎಂದು ಸ್ಟುಡಿಯೋ ಹೇಳುತ್ತದೆ. ಸಣ್ಣದಾಗಿ ಮಾಡಿ ಆಮೇಲೆ ಹಿಗ್ಗಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕುಬೋ ಗೊಂಬೆ ಗೇಣುದ್ದದ್ದು. ಅವನು ಆ ಬುರುಡೆಯ ಮೇಲೆ ಹತ್ತಿ, ಅದಕ್ಕೆ ಚುಚ್ಚಿಕೊಂಡಿರುವ ಕತ್ತಿಗಳನ್ನು ಒಂದೊಂದಾಗಿ ಕೀಳಬೇಕು. ಇಬ್ಬರೂ ಒಂದೇ ಅಳತೆಯಲ್ಲಿ, ಒಂದೇ ಬೆಳಕಿನಲ್ಲಿ ನಿಂತಾಗ ಬೀಳುವ ನೆರಳು ನಿಜ. ಬೇರೆ ಬೇರೆ ತೆಗೆದು ಅಂಟಿಸಿದರೆ ಮೊದಲು ಸುಳ್ಳಾಡುವುದು ಪಾದದ ಕೆಳಗಿನ ನೆರಳು.

ಆದರೆ ಅಷ್ಟು ಭಾರದ ಮೈಯನ್ನು ಕೈಯಲ್ಲಿ ಒಂದು ಮಿಲಿಮೀಟರ್ ಸರಿಸುವುದು ಆಗದ ಮಾತು. ಅದಕ್ಕೇ ಮುಂಡವನ್ನು ಆರು ಕಾಲಿನ ಯಂತ್ರಪೀಠದ ಮೇಲೆ ಕೂರಿಸಿದರು. ವಿಮಾನ ಹಾರಿಸುವ ತರಬೇತಿಗೆ ಬಳಸುತ್ತಾರಲ್ಲ, ಆ ಬಗೆಯದು. ತೋಳುಗಳನ್ನು ಮೇಲಿಂದ ತೂಗುಹಾಕಿ ಭಾರ ಇಳಿಸಿದರು. ದೊಡ್ಡ ಗೊಂಬೆಯ ಎರಡು ಶತ್ರುಗಳು ಜೋಲು ಮತ್ತು ನಡುಕ. ಕೀಲು ಸಡಿಲವಿದ್ದರೆ ಒಂದು ಫೋಟೋದಿಂದ ಇನ್ನೊಂದಕ್ಕೆ ತೋಳು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೀಲು ಬಿಗಿಯಿದ್ದರೆ ತಳ್ಳಿದಾಗ ಬೇಕಾದದ್ದಕ್ಕಿಂತ ಮುಂದೆ ಹೋಗುತ್ತದೆ. ಮುಟ್ಟಿ ಬಿಟ್ಟ ಮೇಲೂ ಉದ್ದದ ತೋಳು ಕೊಂಚ ಹೊತ್ತು ನಡುಗುತ್ತಲೇ ಇರುತ್ತದೆ, ಅದು ತಣ್ಣಗಾಗುವವರೆಗೆ ಬಟನ್ ಒತ್ತುವಂತಿಲ್ಲ.

ರೂಪಕ್ಕೆ ಪ್ರೇರಣೆ ಜಪಾನಿನ ಹಳೆಯ ಮರದಚ್ಚಿನ ಚಿತ್ರ. 19ನೇ ಶತಮಾನದಲ್ಲಿ ಉತಾಗಾವಾ ಕುನಿಯೋಶಿ ಮಾಡಿದ, ಪರದೆ ಸರಿಸಿಕೊಂಡು ಬಗ್ಗಿ ನೋಡುವ ದೈತ್ಯ ಎಲುಬುಗೂಡು. ಹಿನ್ನೆಲೆಗಳಲ್ಲಿ ಕಾಣುವ ಮರದ ನಾರಿನಂಥ ಗೆರೆಗಳಿಗೆ 20ನೇ ಶತಮಾನದ ಕಿಯೋಶಿ ಸೈಟೊ ಅವರ ಅಚ್ಚುಗಳು ಮಾದರಿ. ಬಂಡೆ, ಆಕಾಶ, ಬಟ್ಟೆ ಎಲ್ಲದರಲ್ಲೂ ಆ ನಾರು ಹುಡುಕಿ, ಸಿಗುತ್ತದೆ.

ಮೂರನೇ ತಂತಿ

ಗೊಂಬೆಕೈ ಅವರೇ, ನೆರಳಿನ ಮಾತು ಸೊಗಸಾಗಿದೆ. ಈಗ ಬೇರೆ ಪ್ರಶ್ನೆ. ಈ ಚಿತ್ರ ನೋಡಿದ ಮಕ್ಕಳು ಮೊದಲು ಕೇಳುವುದು, ಕಾಗದ ಹೇಗೆ ತಾನೇ ಮಡಿಚಿಕೊಂಡಿತು ಎಂದು. ಮೇಜಿನ ಮೇಲೆ, ಒಂದು ಮೊಬೈಲ್ ಇಟ್ಟುಕೊಂಡು, ಐದಾರು ಸೆಕೆಂಡಿನಷ್ಟಾದರೂ ಮಾಡಬಹುದೇ? ಕ್ರಮವಾಗಿ ಹೇಳಿ.

ಕಾಗದದ ಕೊಕ್ಕರೆ

ಮಾಡಬಹುದು. ಗುಟ್ಟು ಒಂದೇ: ಮಡಿಚುವುದನ್ನು ತೆಗೆಯಬೇಡಿ, ಬಿಚ್ಚುವುದನ್ನು ತೆಗೆದು ಹಿಂದುಮುಂದಾಗಿ ಓಡಿಸಿ.

ಕಾರಣ ಹೀಗೆ. ಹೊಸ ಹಾಳೆಯನ್ನು ಮಡಿಚುವಾಗ ಬೆರಳು ಒತ್ತಬೇಕು, ಹಾಳೆ ಜರುಗುತ್ತದೆ, ಕೊಕ್ಕರೆ ಕೊನೆಗೆ ಎಲ್ಲಿ ನಿಲ್ಲುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ. ಮಡಿಚಿ ಮುಗಿಸಿದ ಕೊಕ್ಕರೆಯಲ್ಲಿ ಎಲ್ಲ ಮಡಿಕೆಯೂ ಗೆರೆಯಾಗಿ ಕೂತಿರುತ್ತದೆ. ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ಒಂದೊಂದೇ ಮಡಿಕೆ ಬಿಡಿಸುತ್ತ ಬಂದರೆ ಕಾಗದ ಹೇಳಿದಂತೆ ಕೇಳುತ್ತದೆ.

ಕಾಗದ: 15 ಸೆಂಟಿಮೀಟರ್ ಚೌಕ, ಚದರ ಮೀಟರಿಗೆ 60ರಿಂದ 70 ಗ್ರಾಂ ತೂಕದ್ದು. ಮಾಮೂಲಿ ಪ್ರಿಂಟರ್ ಹಾಳೆ 80 ಗ್ರಾಂ ಇರುತ್ತದೆ, ಕೊಕ್ಕರೆಯ ಕತ್ತಿನ ಹತ್ತಿರ ಪದರ ಮೇಲೆ ಪದರ ಬಿದ್ದು ದಪ್ಪವಾಗಿ ಬಾಯಿ ಬಿಡುತ್ತದೆ. ಒಂದೇ ಕಟ್ಟಿನಿಂದ ನಾಲ್ಕು ಹಾಳೆ ಎತ್ತಿಡಿ: ಒಂದು ಮಡಿಚಲು, ಒಂದು ಮಡಿಕೆಯೇ ಇಲ್ಲದೆ ಹಾಗೇ, ಎರಡು ಹಾಳಾದರೆ ಇರಲಿ ಎಂದು.

ಕೊಕ್ಕರೆ ಮಡಿಚುವಾಗ ಪ್ರತಿ ಮಡಿಕೆಯನ್ನೂ ಉಗುರಿನಿಂದ ಎರಡು ಸಲ ಎಳೆಯಿರಿ. ಆಮೇಲೆ ರಾತ್ರಿಯಿಡೀ ಪುಸ್ತಕದ ಅಡಿಯಲ್ಲಿಡಿ. ಇದನ್ನು ಬಿಟ್ಟರೆ ಫೋಟೋ ನಡುವೆ ರೆಕ್ಕೆ ತಾನೇ ಮೇಲೇಳುತ್ತದೆ, ಸಿನಿಮಾದಲ್ಲಿ ಅದು ಬೇಡದ ಕಡೆ ಉಸಿರಾಡಿದಂತೆ ಕಾಣುತ್ತದೆ. ಮಳೆಗಾಲದ ತೇವಕ್ಕೆ ಕಾಗದ ಇನ್ನಷ್ಟು ಸಡಿಲ, ಒಣ ಹವೆಯಲ್ಲಿ ಕೆಲಸ ಸಲೀಸು.

ಮೇಜಿಗೆ ಅಂಟಿಸುವುದು ಒಂದೇ ಚುಕ್ಕೆಯಲ್ಲಿ, ಹಾಳೆಯ ನಟ್ಟನಡುವೆ. ಗೋಡೆಗೆ ಚಿತ್ರ ಅಂಟಿಸುವ ಮೆತ್ತನೆಯ ಅಂಟು ಕಡಲೆಕಾಳಿನಷ್ಟು ಸಾಕು. ನಾಲ್ಕು ಮೂಲೆಗೂ ಅಂಟಿಸಿದರೆ ಬಿಡಿಸುವಾಗ ಎಳೆದಾಡಿ ಮೇಜೇ ಅಲುಗುತ್ತದೆ.

ಈಗ ಬಿಚ್ಚಿ. ಒಂದು ಮಡಿಕೆಗೆ 3 ಫೋಟೋ: ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಅರ್ಧ ತೆರೆದದ್ದು ನಿಲ್ಲದಿದ್ದರೆ ಹಿಂದುಗಡೆ ಅಂಟಿನ ಚೂರು ಇಟ್ಟು ಆನಿಸಿ, ಕ್ಯಾಮೆರಾಗೆ ಕಾಣದಂತೆ. ಕೊಕ್ಕರೆಗೆ ಇಪ್ಪತ್ತರ ಆಸುಪಾಸು ಹೆಜ್ಜೆ, ಅಂದರೆ 60 ಫೋಟೋ. ಸೆಕೆಂಡಿಗೆ 12ರಂತೆ ಓಡಿಸಿದರೆ 5 ಸೆಕೆಂಡು.

ಕೊನೆಗೆ ಸಿಗುವ ತೊಡಕು: ಪೂರ್ತಿ ಬಿಚ್ಚಿದ ಹಾಳೆಯ ತುಂಬ ಮಡಿಕೆಯ ಗೆರೆ. ತಿರುವಿ ಓಡಿಸಿದರೆ ಹಾಳೆ ಮೊದಲೇ ಸುಕ್ಕಾಗಿದೆ ಎಂದು ನೋಡುವವರಿಗೆ ತಿಳಿದುಬಿಡುತ್ತದೆ. ಆಗ ಎತ್ತಿಟ್ಟ ಹೊಸ ಹಾಳೆ ಕೆಲಸಕ್ಕೆ ಬರುತ್ತದೆ. ಹಳೆಯದನ್ನು ತೆಗೆಯುವ ಮುಂಚೆ ಅದರ ನಾಲ್ಕು ಮೂಲೆಗೆ ಮೇಜಿನ ಮೇಲೆ ಪೆನ್ಸಿಲ್ ಚುಕ್ಕೆ ಇಡಿ, ಹೊಸದನ್ನು ಅದೇ ಚುಕ್ಕೆಗೆ ಕೂರಿಸಿ 8 ಫೋಟೋ ತೆಗೆಯಿರಿ. ಹಾಳೆ ಚುಕ್ಕೆಗಳನ್ನು ಮುಚ್ಚುವುದರಿಂದ ಅವು ಕಾಣುವುದಿಲ್ಲ. ಹೊಸ ಹಾಳೆಯಿಂದ ಹಳೆಯದಕ್ಕೆ ದಾಟುವ ಜಾಗದಲ್ಲಿ ಒಂದು ಮೂಲೆಯನ್ನು ಚೂರು ಮೇಲೆತ್ತಿ ಇಟ್ಟಿರಿ. ಕಣ್ಣು ಅಲುಗುವ ಮೂಲೆಯ ಹಿಂದೆ ಹೋಗುತ್ತದೆ, ಗೆರೆಗಳು ಮೂಡಿದ್ದನ್ನು ಹಿಡಿಯುವುದಿಲ್ಲ.

ಚೌಕಟ್ಟು24

ಮೇಲಿನದಕ್ಕೆ ಬೆಳಕಿನದು ಸೇರಿಸುತ್ತೇನೆ. ಎಲ್ಲ ಸರಿ ಮಾಡಿಯೂ ಮೊದಲ ಪ್ರಯತ್ನ ಕೆಡುವುದು ಬಹುತೇಕ ಇಲ್ಲೇ.

ಓಡಿಸಿದಾಗ ಬೆಳಕು ಮಿಣುಕುತ್ತದೆ. ಕಾರಣ ನಾಲ್ಕು. ಮೊಬೈಲ್ ಪ್ರತಿ ಫೋಟೋಗೂ ಬೆಳಕನ್ನು ಹೊಸದಾಗಿ ಅಳೆಯುತ್ತದೆ. ಕ್ಯಾಮೆರಾ ಆ್ಯಪ್‌ನಲ್ಲಿ ಬೆಳಕು, ಫೋಕಸ್, ಬಿಳಿ ಬಣ್ಣದ ಹದ ಮೂರನ್ನೂ ಬೀಗ ಹಾಕಿ. ಎರಡನೆಯದು ಕಿಟಕಿ: ಒಂದು ಗಂಟೆಯಲ್ಲಿ ಸೂರ್ಯ ಎಷ್ಟೋ ಸರಿದಿರುತ್ತಾನೆ, ಮೋಡವೂ ಬರುತ್ತದೆ. ಪರದೆ ಎಳೆದು ದೀಪದಲ್ಲೇ ತೆಗೆಯಿರಿ. ಮೂರನೆಯದು ನೀವು ತೊಟ್ಟ ಅಂಗಿ. ಬಿಳಿ ಅಂಗಿಯಿಂದ ಬೆಳಕು ಕಾಗದದ ಮೇಲೆ ಹೊಡೆಯುತ್ತದೆ, ಮುಂದೆ ಬಗ್ಗಿದಾಗ ಒಂದು ಥರ, ಹಿಂದೆ ಸರಿದಾಗ ಇನ್ನೊಂದು ಥರ. ಕಪ್ಪಂಗಿ ತೊಟ್ಟು, ಫೋಟೋ ತೆಗೆಯುವಾಗ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿ. ನಾಲ್ಕನೆಯದು ದೀಪವೇ: ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಅಥವಾ 120 ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಷಟರ್ ವೇಗವನ್ನು 1/10 ಸೆಕೆಂಡಿಗೆ ಇಳಿಸಿ. ಅಷ್ಟು ಹೊತ್ತಿನಲ್ಲಿ 10 ಅಥವಾ 12 ಮಿನುಗು ಪೂರ್ತಿಯಾಗಿ ಸೇರುತ್ತವೆ, ಒಂದು ಫೋಟೋಗೂ ಇನ್ನೊಂದಕ್ಕೂ ವ್ಯತ್ಯಾಸ ಬರುವುದಿಲ್ಲ.

ಇಷ್ಟು ನಿಧಾನದ ಷಟರಿನಲ್ಲಿ ಪರದೆ ಮುಟ್ಟಿ ಫೋಟೋ ತೆಗೆದರೆ ಅಲುಗಾಟ ಖಂಡಿತ. ಇಯರ್‌ಫೋನಿನ ಬಟನ್ ಅಥವಾ ಬ್ಲೂಟೂತ್ ರಿಮೋಟ್ ಬಳಸಿ. ಸ್ಟ್ಯಾಂಡಿನ ಕಾಲುಗಳನ್ನು ಟೇಪಿನಿಂದ ನೆಲಕ್ಕೆ ಬಿಗಿಯಿರಿ.

ಸಂಗೀತಕ್ಕೆ ಹೊಂದಿಸುವುದಾದರೆ ಲೆಕ್ಕ ಮೊದಲು, ಫೋಟೋ ಆಮೇಲೆ. ಸೆಕೆಂಡಿಗೆ 12 ಚೌಕಟ್ಟು, ನಿಮಿಷಕ್ಕೆ 120 ಹೊಡೆತದ ಸಂಗೀತ: ಹೊಡೆತಕ್ಕೆ 6 ಚೌಕಟ್ಟು. 90 ಹೊಡೆತವಾದರೆ 8. ಆದರೆ 100 ಹೊಡೆತ ಆರಿಸಿಕೊಂಡರೆ 7.2 ಬರುತ್ತದೆ, ಐದನೆಯ ಹೊಡೆತಕ್ಕೆಲ್ಲ ಒಂದು ಚೌಕಟ್ಟು ಹಿಂದೆ ಬಿದ್ದಿರುತ್ತೀರಿ. ಕಾಗದ ‘ಟಪ್’ ಎಂದು ಮಡಿಚಿ ಮುಗಿಯುವ ಚೌಕಟ್ಟು ತಂತಿಯ ಸದ್ದಿಗಿಂತ ಒಂದು ಚೌಕಟ್ಟು ಮುಂಚೆ ಬಂದರೆ ಕಣ್ಣಿಗೆ ಸರಿಯಾಗಿ ಕೂಡುತ್ತದೆ. ತಡವಾದರೆ ಮಾತ್ರ ಒಡೆದು ಕಾಣುತ್ತದೆ.

ಮುಸ್ಸಂಜೆ

ಕೊಕ್ಕರೆ ಮಡಿಚಿಕೊಂಡಿತು, ಸರಿ. ಹಾರಿಸುವುದು ಹೇಗೆ?

ಕಾಗದದ ಕೊಕ್ಕರೆ

ಎರಡು ದಾರಿ. ಸುಲಭದ್ದು ಗಾಜು. ಎರಡು ಪುಸ್ತಕದ ಗುಡ್ಡೆಗಳ ಮೇಲೆ, ಹಿನ್ನೆಲೆಗಿಂತ 20 ಸೆಂಟಿಮೀಟರ್ ಎತ್ತರಕ್ಕೆ ಗಾಜಿನ ಹಲಗೆ ಇಡಿ, ಅಂಚು ಉಜ್ಜಿ ನಯ ಮಾಡಿದ್ದಾಗಲಿ. ಕ್ಯಾಮೆರಾ ಮೇಲಿಂದ ನೇರ ಕೆಳಗೆ ನೋಡಲಿ. ಗಾಜಿನ ಮೇಲೆ ಕೊಕ್ಕರೆ ಮಲಗಿರುತ್ತದೆ, ಕೆಳಗಿನ ಚಿತ್ರ ಕೊಂಚ ಮಸುಕಾಗಿ ನಿಜಕ್ಕೂ ಗಾಳಿಯಲ್ಲಿದ್ದಂತೆ ಕಾಣುತ್ತದೆ. ಗಾಜಿನಲ್ಲಿ ಮೊಬೈಲಿನ ಪ್ರತಿಬಿಂಬ ಬೀಳುವುದೇ ಇಲ್ಲಿನ ಕಾಟ. ಕಪ್ಪು ರಟ್ಟಿಗೆ ಲೆನ್ಸಿನಷ್ಟೇ ತೂತು ಮಾಡಿ ಮೊಬೈಲಿಗೆ ಕಟ್ಟಿ, ದೀಪಗಳನ್ನು ಪಕ್ಕದಿಂದ 45 ಡಿಗ್ರಿಯಲ್ಲಿ ಇಡಿ.

ಇನ್ನೊಂದು ದಾರಿ ತಂತಿ. ಕೊಕ್ಕರೆಯ ಹಿಂದೆ, ಕ್ಯಾಮೆರಾಗೆ ಕಾಣದ ಕಡೆಯಿಂದ 1 ಮಿಲಿಮೀಟರ್ ದಪ್ಪದ ತಂತಿಯಲ್ಲಿ ಎತ್ತಿ ಹಿಡಿದು, ಕಂಡಷ್ಟು ತಂತಿಯನ್ನು ಆಮೇಲೆ ಅಳಿಸುವುದು. ಇದಕ್ಕೆ ಕೊಕ್ಕರೆ ಇಡುವ ಮುಂಚೆಯೇ ಖಾಲಿ ಹಿನ್ನೆಲೆಯ ಫೋಟೋ ಒಂದು ತೆಗೆದಿಟ್ಟಿರಬೇಕು. ಎಡಿಟಿಂಗಿನಲ್ಲಿ ಅದನ್ನು ಕೆಳಪದರದಲ್ಲಿಟ್ಟು, ಮೇಲಿನ ಪದರದಲ್ಲಿ ತಂತಿ ಇರುವಷ್ಟನ್ನೇ ಕೊರೆದರೆ ಹಿನ್ನೆಲೆ ಇಣುಕುತ್ತದೆ. ಖಾಲಿ ಫೋಟೋ ಮರೆತವರಿಗೆ ಪ್ರತಿ ಚೌಕಟ್ಟಿಗೂ ಹಿನ್ನೆಲೆ ಬರೆದು ತುಂಬುವ ಗತಿ ಬರುತ್ತದೆ.

ಯಾವ ದಾರಿಯಾದರೂ ಸಮನಾಗಿ ಸರಿಸಬೇಡಿ. 12 ಸೆಂಟಿಮೀಟರ್ ದೂರವನ್ನು 12 ಫೋಟೋದಲ್ಲಿ ದಾಟಿಸಬೇಕೆಂದರೆ ತಲಾ 10 ಮಿಲಿಮೀಟರ್ ಸರಿಸಿದ ಕೊಕ್ಕರೆ ಹಳಿಯ ಮೇಲಿನ ಬಂಡಿಯಂತೆ ಹೋಗುತ್ತದೆ. 2, 4, 8, 12, 16, 18 ಮಿಲಿಮೀಟರ್, ಮತ್ತೆ 18, 16, 12, 8, 4, 2. ಮೊತ್ತ ಅದೇ 120, ಹಕ್ಕಿ ಮಾತ್ರ ಈಗ ಹಕ್ಕಿ. ಈ ಅಂಕಿಗಳನ್ನು ಒಂದು ಕಾಗದದ ಪಟ್ಟಿಯ ಮೇಲೆ ಗೆರೆ ಹಾಕಿಕೊಂಡು ಚೌಕಟ್ಟಿನಾಚೆ ಅಂಟಿಸಿಟ್ಟುಕೊಳ್ಳಿ.

ಬೆಳ್ಳಿತೆರೆ

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಕೇಳಬೇಕು. ಚಿತ್ರದಲ್ಲಿ ಸಮುದ್ರ ಕಂಪ್ಯೂಟರಿನದು, ಆಕಾಶದ ಬಹುಪಾಲು ಕಂಪ್ಯೂಟರಿನದು, ಮುಖದ ಗೆರೆ ಅಳಿಸಿದ್ದು ಕಂಪ್ಯೂಟರು. ಹಾಗಾದರೆ ಕೈಯಿಂದ ಮಾಡಿದ ಚಿತ್ರ ಎಂದು ಎಷ್ಟು ಮಟ್ಟಿಗೆ ಹೊಗಳಬೇಕು?

ಗೊಂಬೆಕೈ

ಎಷ್ಟು ಕೈಯೋ ಅಷ್ಟೇ ಹೊಗಳೋಣ. ಸ್ಟುಡಿಯೋ ಇದನ್ನು ಮುಚ್ಚಿಟ್ಟಿಲ್ಲ. ಆಸ್ಕರ್‌ನಲ್ಲಿ ದೃಶ್ಯ ಪರಿಣಾಮದ ವಿಭಾಗಕ್ಕೂ ಈ ಚಿತ್ರ ನಾಮನಿರ್ದೇಶನ ಪಡೆಯಿತು. ‘ದ ನೈಟ್‌ಮೇರ್ ಬಿಫೋರ್ ಕ್ರಿಸ್ಮಸ್’ ಬಿಟ್ಟರೆ ಆ ವಿಭಾಗ ತಲುಪಿದ ಎರಡನೆಯ ಆ್ಯನಿಮೇಷನ್ ಚಿತ್ರ ಇದು. ಪ್ರಶಸ್ತಿ ಸಿಗಲಿಲ್ಲ. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ಅತ್ಯುತ್ತಮ ಆ್ಯನಿಮೇಷನ್ ಚಿತ್ರ ಎನ್ನಿಸಿಕೊಂಡಿತು.

ನನ್ನ ಅಳತೆಗೋಲು ಇಷ್ಟೇ: ಪಾತ್ರ ಏನನ್ನು ಮುಟ್ಟುತ್ತದೋ ಅದು ನಿಜವೇ? ಕುಬೋ ಹಿಡಿದ ಶಾಮಿಸೆನ್ ನಿಜ, ತೊಟ್ಟ ಬಟ್ಟೆ ನಿಜ, ಎದುರಿಸುವ ಎಲುಬುಗೂಡು ನಿಜ. ಬಟ್ಟೆಯನ್ನೇ ನೋಡಿ. ಗೇಣುದ್ದದ ಗೊಂಬೆಗೆ ಮಾಮೂಲಿ ಬಟ್ಟೆ ಹೊಲಿದರೆ ತಗಡಿನಂತೆ ಸೆಟೆದು ನಿಲ್ಲುತ್ತದೆ, ತೋಳಿನ ಜೋಲು ಬೀಳುವುದೇ ಇಲ್ಲ. ಹಾಗಾಗಿ ಇಂಥ ಉಡುಪಿನ ಒಳಪದರದಲ್ಲಿ ತೆಳು ತಂತಿ ಹೊಲಿದು, ಪ್ರತಿ ಮಡಿಕೆಯನ್ನೂ ಫೋಟೋ ಫೋಟೋಗೆ ಬೆರಳಲ್ಲಿ ಬಾಗಿಸುತ್ತಾರೆ. ಗಾಳಿಗೆ ತೋಳು ಹಾರಿದ್ದು ಗಾಳಿಯಿಂದಲ್ಲ, ಒಬ್ಬರು ಕೂತು ಹಾರಿಸಿದ್ದು. ಕೊನೆಯಲ್ಲಿ ಬರುವ ಚಂದ್ರಮೃಗ (ಚಂದ್ರರಾಜ ತಾಳುವ ರೂಪ) ಪೂರ್ತಿಯಾಗಿ ಮುದ್ರಣಯಂತ್ರದಿಂದ ಬಂದ ಗೊಂಬೆ, ಆದರೆ ಅದನ್ನು ಆಡಿಸಿದ್ದೂ ಕೈಯೇ. ಸಮುದ್ರವನ್ನು ಕೈಯಲ್ಲಿ ಆಡಿಸಿಲ್ಲ ಎಂಬುದು ನನಗೆ ಕೊರತೆ ಅನ್ನಿಸುವುದಿಲ್ಲ.

ಚೌಕಟ್ಟು24

ಒಪ್ಪಿದೆ. ಎಲೆಗಳ ದೋಣಿಯ ಮೇಲಿನ ಕಾಳಗದಲ್ಲಿ ಮಳೆ, ಅಲೆ ಕಂಪ್ಯೂಟರಿನವು, ಕೋತಿಯ ರೋಮ ಅಲುಗುವುದು ಮಾತ್ರ ಕೈಯಿಂದ. ಕಣ್ಣು ಹೋಗುವುದೂ ರೋಮದ ಕಡೆಗೇ.

ಮುಸ್ಸಂಜೆ

ಹೆಸರಿನ ಬಗ್ಗೆ ಒಂದು ಮಾತು. ಶಾಮಿಸೆನ್‌ಗೆ ಮೂರು ತಂತಿ, ಚಿತ್ರದ ಹೆಸರಿನಲ್ಲಿ ಎರಡೇ. ಕಡೆಯ ಕಾಳಗದಲ್ಲಿ ಕುಬೋ ಕವಚವನ್ನೆಲ್ಲ ಕಳಚಿಟ್ಟು ವಾದ್ಯಕ್ಕೆ ಹೊಸ ತಂತಿ ಬಿಗಿಯುತ್ತಾನೆ: ಅಮ್ಮನ ಕೂದಲು ಒಂದು, ಅಪ್ಪನ ಬಿಲ್ಲಿನ ಹೆದೆ ಒಂದು. ಮೂರನೆಯದು ಅವನದೇ ಕೂದಲು. ಹೆಸರಿನ ಎರಡು ತಂತಿ ತೀರಿಹೋದವರು, ಲೆಕ್ಕಕ್ಕೆ ಸಿಗದ ಮೂರನೆಯದು ಬದುಕಿರುವವನು. ಚಿತ್ರವಿಡೀ ಹುಡುಕಿದ ಮೂರು ಆಯುಧ ಕೆಲಸಕ್ಕೆ ಬರಲಿಲ್ಲ, ಈ ಮೂರು ಎಳೆ ಬಂತು.

ಇನ್ನು ಚಂದ್ರರಾಜ ಛೂ ಬಿಟ್ಟ ಹೆಣ್ಣುಮಕ್ಕಳು, ಆ ಮುಖವಾಡದ ಚಿಕ್ಕಮ್ಮಂದಿರು: ಕರಾಸು ಎಂದರೆ ಕಾಗೆ, ವಾಶಿ ಎಂದರೆ ಹದ್ದು. ಗರಿಯಂಥ ಮೇಲಂಗಿ ಅದಕ್ಕೇ. ‘ವಾಶಿ’ ಎಂಬ ಉಚ್ಚಾರಕ್ಕೇ ಜಪಾನಿ ಕೈಕಾಗದ ಎಂಬ ಅರ್ಥವೂ ಇದೆ, ಬರೆಯುವ ಅಕ್ಷರ ಬೇರೆ.

ಬೆಳ್ಳಿತೆರೆ

ಚಿಕ್ಕಮಕ್ಕಳಿಗೆ ತೋರಿಸುವವರಿಗೆ ಹೇಳುವುದಿದ್ದರೆ ಆ ಚಿಕ್ಕಮ್ಮಂದಿರ ಬಗ್ಗೆಯೇ ಹೇಳಬೇಕು. ಎಲುಬುಗೂಡಿಗೆ ಮಕ್ಕಳು ಕಿರುಚಿ ನಗುತ್ತಾರೆ, ಅದು ದೊಡ್ಡದು, ಸದ್ದಿನದು. ನಿಜವಾಗಿ ಹೆದರಿಸುವುದು ಅಲುಗದ ಬಿಳಿ ಮುಖವಾಡ ಮತ್ತು ಮೆಲುದನಿ. ಏಳೆಂಟು ವರ್ಷಕ್ಕೆ ಮೇಲಿನವರಿಗೆ ತೊಂದರೆಯಿಲ್ಲ. ಅದಕ್ಕಿಂತ ಚಿಕ್ಕವರಿದ್ದರೆ ಮುಸ್ಸಂಜೆಯ ಸ್ಮಶಾನದ ದೃಶ್ಯದ ಮುಂಚೆ ಪಕ್ಕದಲ್ಲಿ ಬಂದು ಕೂತಿರಿ. ಅಪ್ಪ ಅಮ್ಮ ಇಬ್ಬರೂ ಸಾಯುತ್ತಾರೆ, ಮರಳಿ ಜೀವ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿದರೂ ತಪ್ಪಿಲ್ಲ. ಚಿತ್ರ ಅಲ್ಲಿ ಮಕ್ಕಳಿಗೆ ಸುಳ್ಳು ಹೇಳಿಲ್ಲ, ಅದಕ್ಕಾಗಿಯೇ ನನಗೆ ಅದರ ಮೇಲೆ ಗೌರವ.

ಮೂರನೇ ತಂತಿ

ನೀವೀಗ ಹೇಳಿದ್ದರಿಂದಲೇ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಅಪ್ಪ ಅಮ್ಮನ ಸಾವಿನ ಬಗ್ಗೆ ಹುಡುಗನಿಗೆ ನಿಜ ಹೇಳುವ ಚಿತ್ರ, ತಾತನಿಗೆ ಮಾತ್ರ ಕಥೆ ಹೇಳುತ್ತದೆ. ಆದರೆ ಮುಸ್ಸಂಜೆ ಅವರ ಮಾತು ಹಿಡಿದು ಆ ದೃಶ್ಯ ಮತ್ತೆ ನೋಡಿದರೆ ಇನ್ನೊಂದು ಕಾಣುತ್ತದೆ. ಊರವರು ಮಾತಾಡುವಾಗ ಕುಬೋ ಮುಖದಲ್ಲಿ ಸಮಾಧಾನ ತಕ್ಷಣ ಬರುವುದಿಲ್ಲ. ಅವನು ಮೊದಲು ಕೇಳಿಸಿಕೊಳ್ಳುತ್ತಾನೆ. ಅಷ್ಟು ದಿನ ಕಥೆ ಹೇಳುತ್ತಿದ್ದವನು ಅಲ್ಲಿ ಕೇಳುಗ. ಕೊನೆ ಪೂರ್ತಿ ಒಪ್ಪಿತೆಂದು ಹೇಳಲಾರೆ, ಆದರೆ ಅದನ್ನು ಅವಸರದಲ್ಲಿ ಬರೆದದ್ದೆಂದು ಈಗ ಅನ್ನಿಸುವುದಿಲ್ಲ.

ಕೊಕ್ಕರೆ ಅವರೇ, ಇನ್ನೊಂದು: ಮಡಿಚಿ ಮುಗಿದ ತಕ್ಷಣ ವಿಡಿಯೋ ಕತ್ತರಿಸಿದರೆ ಏನೋ ಅರ್ಧಕ್ಕೆ ನಿಂತಂತಾಗುತ್ತದಲ್ಲ, ಏನು ಮಾಡಬೇಕು?

ಕಾಗದದ ಕೊಕ್ಕರೆ

ಮುಗಿದ ಕೊಕ್ಕರೆಯನ್ನು ಕನಿಷ್ಠ 12 ಚೌಕಟ್ಟು, ಅಂದರೆ ಒಂದು ಸೆಕೆಂಡು ನಿಲ್ಲಿಸಿ. ಒಂದೇ ಫೋಟೋವನ್ನು 12 ಸಲ ಇಟ್ಟರೆ ಹೆಪ್ಪುಗಟ್ಟಿದಂತೆ ಕಾಣುತ್ತದೆ, ಅದಕ್ಕೇ ಅಲುಗಿಸದೆ 12 ಬೇರೆ ಫೋಟೋ ತೆಗೆಯಿರಿ. ಆರನೆಯದರಲ್ಲಿ ಮಾತ್ರ ತಲೆಯನ್ನು 1 ಮಿಲಿಮೀಟರ್ ಓರೆ ಮಾಡಿ, ಏಳನೆಯದರಿಂದ ಹಾಗೇ ಬಿಡಿ. ನೀವು ಬಿಚ್ಚುತ್ತ ಬರುವುದರಿಂದ ಈ 12 ಫೋಟೋ ಮೊಟ್ಟಮೊದಲು ತೆಗೆಯಬೇಕಾದವು, ಅದೂ ತಿರುವುಮುರುವಾಗಿ: ಓರೆ ತಲೆಯಿಂದ ಶುರು.